ದೊಡ್ಡಮುನಿಯಮ್ಮನ ಹೊಳೆಗೆ ನೀರು

ಕಗ್ಗದಾಸಪುರ
೫ ಸೆಪ್ಟೆಂಬರ್ ೨೦೨೫

ನಮ್ಮಕ್ಕನ ಹೊಟ್ಟೆಯ ಬಂಗಾರ ಪೂಜಿತಾಗೆ, ಚಿಕ್ಕಮುನಿಯಪ್ಪ ಮಾವನ ಆಶೀರ್ವಾದ.

ಉತ್ತರ ತಡವಾಯಿತು, ಬೈದುಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯ ಗೋಡೆಗೆ ಎರಡು ಕಿವಿ, ನನ್ನ ಮಗ ಮಧುಕರನಿಗೆ ನಾಲ್ಕು.

ನಿನ್ನ ಅತ್ತೆ ದೊಡ್ಡಮುನಿಯಮ್ಮ ಹೋಗಿ ಎರಡು ಯುಗಾದಿ ಕಳೆಯಿತು. ಅಸ್ಥಿಯನ್ನು ತವರಿನ ಹೊಳೆಗೇ ಬಿಡಬೇಕೆಂದು ಅವಳ ಆಸೆ. ಆದರೆ ಅವಳ ತವರು ಮುಗಳೂರಿನ ಹತ್ತಿರ ಈಗ ಪಿನಾಕಿನಿಯಲ್ಲಿ ಹರಿಯುವುದು ನಮ್ಮ ಬೆಂಗಳೂರಿನ ಮೋರಿ, ಮೇಲೆ ನೊರೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದವಳನ್ನು ಆ ನೀರಿಗೆ ಬಿಡಲೇ? ಮನೆಯೊಳಗೆ ಇಡಬಾರದಲ್ಲ, ಅಸ್ಥಿಯ ಕುಡಿಕೆಯನ್ನು ಹಿತ್ತಲಿನ ಸೀಬೆ ಮರಕ್ಕೆ ಕಟ್ಟಿದ್ದೇನೆ.

ಮಧುಕರ, "ಎಲ್ರ ಥರ ಶ್ರೀರಂಗಪಟ್ಟಣಕ್ಕೆ ಹೋಗ್ಬಂದ್ಬಿಡೋಣ ಅಪ್ಪಾ" ಅಂದ.

"ನಿಮ್ಮಮ್ಮ ಕಾವೇರೀನ ಕಂಡಿದ್ದು ನಲ್ಲೀಲಿ ಕಣೋ" ಅಂದೆ.

ಅಷ್ಟರಲ್ಲಿ ನಿನ್ನ ಕಾಗದ ಬಂತು. ನಂದಿ ಬೆಟ್ಟದ ಕಡೆ ಮಳೆಯಾಗಿ ಹೊಸಕೋಟೆ ಕೆರೆ ಕೋಡಿ ಬೀಳುತ್ತದೆ, ತಿಂಗಳ ಕೊನೆಗೆ ಹೊಳೆಗೆ ಹೊಸ ನೀರು ಬರಲು ನೂರಕ್ಕೆ ಎಂಬತ್ತು ಅವಕಾಶ ಎಂದು ಬರೆದಿದ್ದೀಯ. ಹಿಂದಿನ ಮಳೆ ನೋಡಿ ಮುಂದಿನದನ್ನು ಹೇಳುವ ಕಾಲ ಹೋಯಿತು ಮಾವ, ಈಗ ಒಮ್ಮೆಲೇ ಸುರಿದು ನಿಂತುಬಿಡುತ್ತದೆ, ನೀರು ಬಂದಾಗಲೇ ಮುಗಿಸಿಬಿಡಿ, ಆಮೇಲೆ ಯಾವ ವರ್ಷವೋ ಹೇಳಲಾರೆ ಎಂದೂ ಬರೆದಿದ್ದೀಯ.

ಹೊಳೆಗಳ ಜಾತಕ ಬರೆಯುವವಳು ನನ್ನ ಅಕ್ಕನ ಮಗಳು ಎಂಬ ಸುದ್ದಿ ಈಗ ಟಿನ್ ಫ್ಯಾಕ್ಟರಿಯಿಂದ ಶಿವಾಜಿನಗರದವರೆಗೆ ಗೊತ್ತು. ಹಂಚಿದವನು ನಾನೇ. ರಸೆಲ್ ಮಾರ್ಕೆಟ್ಟಿನ ಹಣ್ಣಿನ ತೌಹೀದ್ ಕೇಳಿದ, "ಎಂಬತ್ತು ಅಂದ್ರೆ ಏನು ಮುನಿಯಪ್ಪ? ಬರುತ್ತೋ ಇಲ್ವೋ?"

"ಫಸ್ಟ್ ಕ್ಲಾಸಲ್ಲಿ ಪಾಸು."

"ನೀನು ಮೂವತ್ತೈದಕ್ಕೇ ಊರೆಲ್ಲಾ ಮೆರೆದವ್ನಲ್ವಾ" ಅಂದು, ಒಂದು ಸಪೋಟ ಕೈಗಿಟ್ಟು, "ಭಾಭೀನ ಕಳ್ಸೋ ದಿನ ನಾನೂ ಬರ್ತೀನಿ, ಹೇಳು" ಅಂದ. ಹೂಂ ಅಂದೆ. ಹಣ್ಣನ್ನು ಜೇಬಿಗೆ ಹಾಕಿಕೊಂಡೆ.

ಮಧುಕರ ಕಾರಿಗೆ ಹೇಳಿಟ್ಟಿದ್ದಾನೆ. ನೀನೂ ಹೈದರಾಬಾದಿನಿಂದ ರಜೆ ಹಾಕಿ ಬರುತ್ತೀಯಂತೆ. ಬಾ, ಬಸ್ಸಾರು ನಾನೇ ಮಾಡುತ್ತೇನೆ. ನನ್ನ ಕೈ ಬಸ್ಸಾರು ತಿಂದವರು ಹೋಟೆಲಿನ ದಾರಿ ಮರೆತಿದ್ದಾರೆ.

ಕಂಪ್ಯೂಟರ್ ನೋಡಿ ನೋಡಿ ಕಣ್ಣು ಕೆಡಿಸಿಕೊಳ್ಳಬೇಡ. ನೀನು ಕಾಲಿಟ್ಟ ಕಡೆ ಬಾವಿ ಬತ್ತದಿರಲಿ ತಾಯಿ.

ನಿನ್ನ ಮಾವ,
ಚಿಕ್ಕಮುನಿಯಪ್ಪ

ಮತ್ತೊಂದು ಮಾತು, ಇದನ್ನು ಮಧುಕರನಿಗೆ ಹೇಳಬೇಡ. ದಿನಾ ಬೆಳಿಗ್ಗೆ ಮರದ ಕೆಳಗೆ ನಿಂತು ನಿನ್ನ ಅತ್ತೆಗೆ ಸುದ್ದಿ ಹೇಳುತ್ತೇನೆ. ಬದುಕಿದ್ದಾಗ ಅರ್ಧಕ್ಕೇ ಎದ್ದು ಹೋಗುತ್ತಿದ್ದಳು, ಈಗ ಪೂರ್ತಿ ಕೇಳುತ್ತಾಳೆ. ನಿನ್ನ ಕಾಗದದ ಸುದ್ದಿಯೊಂದನ್ನು ಮಾತ್ರ ಇನ್ನೂ ಹೇಳಿಲ್ಲ. ನಂದಿಯ ಕಡೆ ಮೋಡ ಕಂಡರೆ ಊರವರು ಖುಷಿಪಡುತ್ತಾರೆ, ನಾನು ಒಳಗೆ ಹೋಗಿ ಕೂರುತ್ತೇನೆ. ಹೊಳೆ ಬಂದರೆ ಅವಳು ಹೊರಡಬೇಕಲ್ಲ. ಅವಳಿಗೆ ಮಾತು ಕೊಟ್ಟವನು ನಾನು, ತಪ್ಪುವುದಿಲ್ಲ. ನೀನು ಒಂದು ದಿನ ಮುಂಚೆ ಬಾ. ಕುಡಿಕೆಯ ಗಂಟು ನೀನೇ ಬಿಚ್ಚು, ನನ್ನ ಕೈಯಿಂದ ಆಗುವುದಿಲ್ಲ.