ನಿಮ್ಮ ಹೆಸರಿನಲ್ಲಿ ಒತ್ತಿದ ಹೆಬ್ಬೆರಳು

ಮನೆ, ಗುರುವಾರ, ಹನ್ನೆರಡನೇ ತಾರೀಕು

ನನ್ನ ಯಜಮಾನರಿಗೆ,

ನಾನು, ಮಗಳು ಚೆನ್ನಾಗಿದ್ದೇವೆ. ನಿಮ್ಮ ಬೆನ್ನುನೋವು ಹೇಗಿದೆ? ಸುರಂಗದ ಕೆಲಸದಲ್ಲಿ ಒದ್ದೆ ಬೂಟಿನಲ್ಲೇ ದಿನವಿಡೀ ನಿಲ್ಲಬೇಡಿ, ನಾನು ಕಳಿಸಿದ ಕಾಲುಚೀಲ ಹಾಕಿಕೊಳ್ಳಿ. ಹಾಕುವುದಿಲ್ಲ, ಗೊತ್ತು. ಆದರೂ ಹೇಳುವುದು ನನ್ನ ಕರ್ಮ.

ಒಂದು ತಪ್ಪು ಮಾಡಿದ್ದೇನೆ ರೀ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ. ಅಲ್ಲಿ ಸಿಗ್ನಲ್ ಸಿಗುವುದಿಲ್ಲವೆಂದು ನಿಮ್ಮ ಫೋನನ್ನು ನನ್ನ ಕೈಗೆ ಕೊಟ್ಟು ಹೊರಡುವಾಗ ಏನು ಹೇಳಿದಿರಿ? "ಯಾರು ಏನೇ ಹಾಕ್ಲಿ, ಒಂದು ಲೈಕ್ ಒತ್ತಿಬಿಡು. ಇಲ್ಲಾಂದ್ರೆ ಇವನಿಗೆ ಕೊಬ್ಬು ಬಂತು ಅಂತಾರೆ." ಐದು ತಿಂಗಳಿಂದ ಒತ್ತಿದ್ದೇ ಒತ್ತಿದ್ದು. ಬಲಗೈ ಹೊಲಿಗೆ ಮಿಷಿನ್ ಮೇಲೆ, ಎಡಗೈ ಹೆಬ್ಬೆರಳು ಫೋನಿನ ಮೇಲೆ. ಯಾರ ಮಗು, ಯಾರ ಹೊಸ ಸ್ಕೂಟರ್ ಎಂದು ನೋಡುವ ಪುರುಸೊತ್ತು ಯಾರಿಗಿದೆ?

ಗಡಿಯಾರ ರಿಪೇರಿಯ ನಿಮ್ಮ ಬಾಲ್ಯದ ಗೆಳೆಯ, ನೀವು ಮುಳ್ಳು ಅಂತ ಕರೆಯುತ್ತೀರಲ್ಲ, ಅವರೂ ದಿನಾ ಏನಾದರೂ ಹಾಕುತ್ತಿದ್ದರು. ಮೊದಲೆಲ್ಲ ರಿಪೇರಿಯಾದ ಗಡಿಯಾರಗಳು. ಆಮೇಲೆ ಮೇಜಿನ ಮೇಲಿನ ಮಾತ್ರೆಗಳು, ಸ್ಕ್ಯಾನ್ ಹಾಳೆ, ಮುಚ್ಚಿದ ಅಂಗಡಿಯ ಬಾಗಿಲು. ಎಲ್ಲಕ್ಕೂ ಒತ್ತಿದ್ದೇನೆ. ಹೋದ ವಾರ ನಿಮಗೊಬ್ಬರಿಗೇ ಬರೆದಿದ್ದರು: "ಸೋಮವಾರ ಆಪರೇಷನ್. ಜೊತೆಗೆ ಒಬ್ರು ಇರ್ಲೇಬೇಕಂತೆ. ಬರ್ತೀಯಾ?" ನಾನು ಜಾಕೀಟಿನ ತೋಳು ಕೂಡಿಸುತ್ತಿದ್ದೆ. ಓದದೆ ಹೆಬ್ಬೆರಳಿನ ಗುರುತು ಒತ್ತಿದೆ.

ಸೋಮವಾರ ಮಧ್ಯಾಹ್ನ ಆಸ್ಪತ್ರೆಯ ನರ್ಸ್ ನಿಮ್ಮ ನಂಬರಿಗೆ ಫೋನ್ ಮಾಡಿದರು. ನಿಮ್ಮ ಗೆಳೆಯ ಬೆಳಿಗ್ಗೆಯಿಂದ ನಿಮ್ಮ ದಾರಿ ಕಾಯುತ್ತಿದ್ದರಂತೆ. ಯಾರೂ ಬರಲಿಲ್ಲವೆಂದು ಆಪರೇಷನ್ನು ಬರುವ ಸೋಮವಾರಕ್ಕೆ ಹೋಯಿತಂತೆ, ಅಲ್ಲಿಯವರೆಗೂ ಅವರನ್ನು ಅಲ್ಲೇ ಇಟ್ಟುಕೊಳ್ಳುತ್ತಾರಂತೆ. ಹೊಟ್ಟೆಯಲ್ಲಿ ಗಡ್ಡೆ. ಆಗ ಕೂತು ಒಂದೊಂದೇ ತೆಗೆದು ಓದಿದೆ. ಆ ಸ್ಕ್ಯಾನ್ ಹಾಳೆಗೆ ನೂರ ನಲವತ್ತು ಜನ ಲೈಕ್ ಒತ್ತಿದ್ದಾರೆ. ಆ ಒಂಟಿ ಜೀವದ ಮನೆಗೆ ಒಬ್ಬರೂ ಹೋಗಿಲ್ಲ. ನಿಮ್ಮ ಗೆಳೆಯನಾದರೂ ಒಂದು ಫೋನ್ ಮಾಡಬಾರದಿತ್ತೇ ಎಂದು ಸಿಟ್ಟೂ ಬಂತು. ಆದರೆ ಮಾಡುವ ಅಭ್ಯಾಸ ಎಲ್ಲಿ ಉಳಿದಿದೆ? ಮೊದಲು ಅವರ ಅಂಗಡಿಯ ಮೆಟ್ಟಿಲ ಮೇಲೆ ಗಂಟೆಗಟ್ಟಲೆ ಹರಟುತ್ತಿದ್ದಿರಿ. ಎರಡು ವರ್ಷದಿಂದ, ನೀವು ಇಲ್ಲೇ ಇದ್ದಾಗಲೂ, ಎಲ್ಲ ಹೆಬ್ಬೆರಳಿನಲ್ಲೇ ಮುಗಿಯುತ್ತಿತ್ತು.

ಮೂರು ದಿನದಿಂದ ಹೋಗಿ ನಿಜ ಹೇಳಲು ಧೈರ್ಯ ಬಂದಿಲ್ಲ. ನೀವೊಬ್ಬರಾದರೂ ದಿನಾ ನೋಡುತ್ತಿದ್ದೀರಿ ಎಂದುಕೊಂಡಿದ್ದಾರೆ, ಅದೂ ಸುಳ್ಳೆಂದರೆ ಅವರಿಗೆ ಇನ್ನೇನು ಉಳಿಯಿತು? ಊಟ ಸೇರುತ್ತಿಲ್ಲ. ಇವತ್ತು ಸಂಜೆ ಹೋಗಿಯೇ ತೀರುತ್ತೇನೆ.

ಮಗಳು ಅಪ್ಪನಿಗೆ ಮುತ್ತು ಕಳಿಸಿದ್ದಾಳೆ. ಹುಷಾರಾಗಿರಿ.

ನಿಮ್ಮ ಮನೆಯವಳು

ತಾ.ಕ.: ಆಸ್ಪತ್ರೆಯಿಂದ ಈಗಷ್ಟೇ ಬಂದೆ. ನೀವು ಊರಲ್ಲಿಲ್ಲ, ಒತ್ತಿದ್ದೆಲ್ಲ ನಾನು ಎಂದು ಎಲ್ಲ ಹೇಳಿಬಿಟ್ಟೆ. "ಹಾಗಾದ್ರೆ ಅವನಿಗೆ ಗೊತ್ತೇ ಇಲ್ವಾ?" ಎಂದರು. ಇಲ್ಲ ಎಂದೆ. ದಿಂಬಿಗೆ ಒರಗಿ ಉಸಿರು ಬಿಟ್ಟರು. "ಸದ್ಯ. ಗೊತ್ತಿದ್ದೂ ಬರ್ಲಿಲ್ಲ ಅಂದ್ಕೊಂಡಿದ್ದೆ." ನಿಮಗೆ ಬರೆಯಬೇಡ, ಕೆಲಸ ಬಿಟ್ಟು ಓಡಿ ಬರುತ್ತಾನೆ ಎಂದು ಮೂರು ಸಲ ಹೇಳಿದರು. ಸಾಮಾನಿನ ಲಾರಿ ಶನಿವಾರ ನಿಮ್ಮಲ್ಲಿಗೆ ಈ ಕಾಗದ ತರುತ್ತದೆ. ಅದೇ ಲಾರಿ ಹತ್ತಿ ಬನ್ನಿ. ಸೋಮವಾರ ಬೆಳಿಗ್ಗೆ ಏಳಕ್ಕೆ ಒಳಗೆ ಕರೆದುಕೊಂಡು ಹೋಗುತ್ತಾರೆ.