ಕೆಂಪು ಮುಚ್ಚಳದ ಲೋಟ

ಮಾರ್ಚ್ 3, ಸೋಮವಾರ, ಸಂಜೆ 6

ಬೀಗ ಹಾಕಿದೆನೋ ಇಲ್ಲವೋ ಅಂತ ಬೆಳಿಗ್ಗೆ ಬಸ್ ಸ್ಟಾಪಿನಿಂದ ವಾಪಸ್ ಬಂದೆ. ಹಾಕಿತ್ತು. ಲಾಂಡ್ರಿ ಕೆಲಸಕ್ಕೆ ತಡ, ಬೈಗುಳ. ಎಂದಿನ ಹಾಗೆ.

ಮಧ್ಯಾಹ್ನ ಆರೈಕೆ ಮನೆ. ವಾಸಿಯಾಗದ ಕಾಯಿಲೆಯವರು ಎಂಟು ಜನ, ಎಂಟು ಹಾಸಿಗೆ. ಸೋಮವಾರ, ಗುರುವಾರ ನೀರು ಕುಡಿಸುವುದು ನನ್ನ ಸೇವೆ. ಬಿಳಿ ಮುಚ್ಚಳದ ಲೋಟದಲ್ಲಿ ಬರೀ ನೀರು. ಕೆಂಪು ಮುಚ್ಚಳದ್ದರಲ್ಲಿ ಪುಡಿ ಕಲಸಿದ ಗಟ್ಟಿ ನೀರು, ಚಮಚದಿಂದ ಜೇನಿನ ಹಾಗೆ ಇಳಿಯಬೇಕು. ಗಂಟಲು ಸೋತವರಿಗೆ ಅದೇ. ಬರೀ ನೀರು ಕೊಟ್ಟರೆ ಶ್ವಾಸಕೋಶಕ್ಕೆ ಇಳಿದು ಪ್ರಾಣ ಹೋಗಬಹುದು. ಹಾಗಾಗಿ ಪ್ರತಿ ಮುಚ್ಚಳ ಮೂರು ಸಲ ನೋಡುತ್ತೇನೆ.

"ನೀನು ನೋಡಿ ಮುಗಿಸೋ ಹೊತ್ತಿಗೆ ಅವರಿಗೆ ಬಾಯಾರಿಕೆನೇ ಮರ್ತೋಗಿರತ್ತೆ ಕಣಮ್ಮ," ಅಂದ ಬಕೆಟ್ ಮಾವ. ನೆಲ ಒರೆಸಲು ಬರುವ ರಿಟೈರ್ಡ್ ಡ್ರೈವರ್. ನಗು ಬಂತು.

ಎರಡು ವರ್ಷದ ಹಿಂದೆ ಪ್ರಾರ್ಥನೆ ಮನೆಯ ಹಿರಿಯರು ನನ್ನನ್ನು ಇಲ್ಲಿಗೆ ಕಳಿಸಿದ್ದು. ನನಗೆ ಎಲ್ಲದಕ್ಕೂ ಭಯ ಅಂದಿದ್ದೆ. "ಭಯನೂ ಹೊತ್ಕೊಂಡು ಹೋಗಮ್ಮ. ಅಲ್ಲಿ ಅದಕ್ಕೂ ಕೆಲಸ ಇದೆ" ಅಂದರು. ನಿಜ. ಇಲ್ಲಿ ಬಂದ ಮೇಲೆಯೇ ರಾತ್ರಿ ನಿದ್ದೆ ಬರುತ್ತಿರುವುದು.

ನಾಲ್ಕನೇ ಹಾಸಿಗೆಗೆ ಹೊಸಬರು ಬರುತ್ತಾರಂತೆ.

ಮಾರ್ಚ್ 6, ಗುರುವಾರ

ಲಕ್ವ ಹೊಡೆದ ಮುದುಕಿ. ಮುಖ ಅರ್ಧ ಜಾರಿದೆ. ಕೆಂಪು ಮುಚ್ಚಳ. ದಿಂಬು ಸರಿಮಾಡುವಾಗ ಕೈ ನೋಡಿದೆ. ಎಡ ಹೆಬ್ಬೆರಳಿನ ಉಗುರು ನಡುವೆ ಸೀಳಿದೆ... ಚೀಟಿಯಲ್ಲಿ ಹೆಸರು ಓದಿದೆ.

ಚಿಕ್ಕಮ್ಮ. ಅಪ್ಪನ ಎರಡನೇ ಹೆಂಡತಿ.

ಹಾಸಿಗೆ ಒದ್ದೆ ಮಾಡಿದ್ದಕ್ಕೆ ಮೆಟ್ಟಿಲ ಕೆಳಗಿನ ಕೋಣೆಗೆ ಹಾಕಿ ಚಿಲಕ ಜಡಿಯುತ್ತಿದ್ದಳು. "ನೀರು ಕುಡಿದ್ರೆ ತಾನೆ ಒದ್ದೆ ಮಾಡೋದು? ಆಗಲ್ಲ. ಒಣಗು." ಒಮ್ಮೆ ಎರಡು ದಿನ. ಗೋಡೆಯ ತೇವ ನೆಕ್ಕಿದ್ದೆ. ಸುಣ್ಣದ ರುಚಿ ಈಗಲೂ ನಾಲಿಗೆಯಲ್ಲಿದೆ. ಐದನೇ ಕ್ಲಾಸಿಗೆ ಶಾಲೆಯೂ ನಿಂತಿತು.

ಮೂವತ್ತು ವರ್ಷ ಆಯಿತು. ನನ್ನ ಗುರುತು ಸಿಗಲಿಲ್ಲ, ಅನಿಸುತ್ತದೆ. "ನೀರು," ಅಂದಳು. ಗಟ್ಟಿ ನೀರು ಕೊಟ್ಟೆ. ಉಗಿದಳು. "ಇದಲ್ಲ. ನೀರು."

ಯಾರಿಗೂ ಹೇಳಿಲ್ಲ.

ಮಾರ್ಚ್ 7

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವಾಗ ಎರಡು ಅಂಗಿ ಸುಟ್ಟೆ. ಪ್ರಾರ್ಥನೆಗೆ ಕೂತರೆ ಕಣ್ಣು ಮುಚ್ಚಲು ಹೆದರಿಕೆ. ಒಳಗೆ ಚಿಲಕದ ಸದ್ದು.

ಮಾರ್ಚ್ 10, ಸೋಮವಾರ

"ತಾಯೀ, ಒಂದೇ ಒಂದು ಗುಟುಕು," ಅಂದಳು. ನನ್ನನ್ನು. ತಾಯೀ ಅಂತ.

"ಆಗಲ್ಲ," ಅಂದೆ. ನನ್ನ ಬಾಯಿಂದ ಅವಳ ದನಿ ಬಂತು. ಅದೇ ಎಳೆತ, ಅದೇ ಬಿರುಸು. ನಿಯಮ ಇರುವುದೇ ಹಾಗೆ, ಅವಳ ಒಳ್ಳೆಯದಕ್ಕೇ... ಆದರೆ ಅಂದಾಗ ಎದೆಯಲ್ಲಿ ಏನೋ ತಂಪಾಯಿತು. ಇದನ್ನು ಬರೆಯಬಾರದಿತ್ತು.

ಎದುರಾಡದೆ ಗಟ್ಟಿ ನೀರಿನ ಪೂರ್ತಿ ಲೋಟ ಕುಡಿದಳು. ನರ್ಸಮ್ಮನಿಗೆ ಆಶ್ಚರ್ಯ. "ಬೇರೆ ಯಾರು ಕೊಟ್ರೂ ಉಗೀತಾರೆ. ನೀವು ಅದೇನು ಮೋಡಿ ಮಾಡ್ತೀರೋ!"

ಮೋಡಿ ಅಲ್ಲ. ಏನೂಂತ ನನಗೂ ಗೊತ್ತಿಲ್ಲ.

ಮಾರ್ಚ್ 13, ಗುರುವಾರ

ಕೈ ನಡುಗುತ್ತಿದೆ, ಅಕ್ಷರ ಸೊಟ್ಟ.

ಚಮಚ ಅವಳ ತುಟಿ ಹತ್ತಿರ ಇತ್ತು. "ಏಯ್! ಬಿಳಿ ಮುಚ್ಚಳ!" ಅಂತ ಬಕೆಟ್ ಮಾವ ಕೂಗಿ ಕೈ ಹಿಡಿದ. ನೀರು ಅವಳ ಕುತ್ತಿಗೆಗೆ ಚೆಲ್ಲಿತು. "ಕಣ್ಣಿಗೆ ಮಂಜು ಬಂದಿದ್ಯೇನಮ್ಮ? ಇನ್ನೊಂದು ಕ್ಷಣ ಆಗಿದ್ರೆ ಅಜ್ಜಿ ಕಥೆ ಮುಗೀತಿತ್ತು!"

ಪಕ್ಕದ ಹಾಸಿಗೆಯ ಲೋಟ. ಮೂರು ಸಲ ನೋಡುವವಳು ನಾನು. ಇವತ್ತೂ ನೋಡಿದ್ದೆ. ಬಿಳಿ ಅಂತ ಕಂಡಿತ್ತಾ? ಕಂಡಿತ್ತು ಅನಿಸುತ್ತದೆ. ಕರುಣೆ ಬಂದು ಕೊಟ್ಟೆನಾ, ಅಥವಾ

ಮಾರ್ಚ್ 24, ಸೋಮವಾರ

ಹನ್ನೊಂದು ದಿನ ಹೋಗಲಿಲ್ಲ. ಜ್ವರ ಅಂತ ಸುಳ್ಳು ಹೇಳಿಸಿದೆ.

ಹಿರಿಯರು ಲಾಂಡ್ರಿಗೇ ಬಂದರು. ಇಸ್ತ್ರಿ ಮೇಜಿನ ಹಿಂದೆ ನಿಂತು ಎಲ್ಲ ಹೇಳಿದೆ. ಕೋಣೆ, ಗೋಡೆ, ಬಿಳಿ ಮುಚ್ಚಳ. ಪರವಾಗಿಲ್ಲ ಅನ್ನುತ್ತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ.

"ಕೈ ಯಾಕೆ ಹಾಗೆ ಮಾಡ್ತು ಅಂತ ದೇವರನ್ನೇ ಕೇಳು. ಆದ್ರೆ ಇಲ್ಲಿ ಅಡಗಿಕೊಂಡಲ್ಲ, ಅವರ ಪಕ್ಕ ಕೂತು ಕೇಳು. ಒಬ್ಬಳೇ ಕೂರಬೇಡ."

ಮಾರ್ಚ್ 25, ಮಂಗಳವಾರ

ನನ್ನ ದಿನವಲ್ಲ, ಆದರೂ ಹೋದೆ. ಡಾಕ್ಟರು ಇದ್ದರು. ಇನ್ನು ನಾಲ್ಕೈದು ದಿನವಂತೆ. ಪುಡಿ ನೀರೂ ಇಳಿಯುತ್ತಿಲ್ಲ. ಇಂಥ ಹೊತ್ತಲ್ಲಿ ಕೇಳಿದರೆ ಬರೀ ನೀರನ್ನೇ ಹನಿ ಹನಿಯಾಗಿ ಕೊಡಬಹುದಂತೆ. ಅಪಾಯ ಗೊತ್ತು, ಆದರೂ ಒಪ್ಪಿಗೆ ಇದೆ ಅಂತ ಸಂಬಂಧಿಕರು ಸಹಿ ಹಾಕಬೇಕು.

"ಪಾಪ, ಯಾರೂ ಇಲ್ಲ ಇವರಿಗೆ," ಅಂದರು ನರ್ಸಮ್ಮ.

"ಇದ್ದೀನಿ. ಇವರ ಗಂಡನ ಮಗಳು ನಾನು."

ನರ್ಸಮ್ಮ ಬಾಯಿ ಬಿಟ್ಟುಕೊಂಡು ನೋಡಿದರು. ಬಕೆಟ್ ಮಾವ ಒರೆಸುವುದನ್ನು ನಿಲ್ಲಿಸಿದ. ಅವನ ಮುಖದಲ್ಲಿ ಆ ಬಿಳಿ ಮುಚ್ಚಳ ಕಂಡಿತು.

"ಅವತ್ತಿಂದು... ಬೇಕಂತ್ಲೇನಾ?" ಅಂದ.

"ಗೊತ್ತಿಲ್ಲ ಮಾವ. ಅದಕ್ಕೇ ಹೇಳ್ತಿದೀನಿ. ನನ್ನನ್ನ ಒಬ್ಬಳನ್ನೇ ಬಿಡಬೇಡಿ."

ಮಾರ್ಚ್ 27, ಗುರುವಾರ, ಮಧ್ಯಾಹ್ನ 3:40

ಅವಳ ಪಕ್ಕ ಕೂತೇ ಬರೆಯುತ್ತಿದ್ದೇನೆ. ಬಾಗಿಲಲ್ಲಿ ಬಕೆಟ್ ಮಾವ, ಕೈಕಟ್ಟಿ ನಿಂತಿದ್ದಾನೆ. ಇವತ್ತು ತಮಾಷೆ ಇಲ್ಲ.

ಸಹಿ ಹಾಕುವ ಮುಂಚೆ ಕೇಳಿದೆ. "ಚಿಕ್ಕಮ್ಮಾ, ನಾನು ಯಾರು ಗೊತ್ತಾ?"

"ಗೊತ್ತು." ದನಿ ಕಾಗದ ಉಜ್ಜಿದ ಹಾಗೆ. "ಬಂದ ದಿನಾನೇ."

"ಮತ್ತೆ ಹೇಳಲೇ ಇಲ್ಲ?"

"ಹೇಳಿದ್ರೆ... ಅದನ್ನೂ ಕೊಡ್ತಿರ್ಲಿಲ್ಲ ನೀನು."

ಅದಕ್ಕೇ ಪೂರ್ತಿ ಲೋಟ ಕುಡಿಯುತ್ತಿದ್ದಳು. ಹೆದರಿ. ಮೆಟ್ಟಿಲ ಕೆಳಗೆ ನಾನು ಹೆದರುತ್ತಿದ್ದ ಹಾಗೆ. ಬಾಗಿಲಿನ ಈಚೆ, ಚಿಲಕದ ಕಡೆ, ಈಗ ನಾನು ನಿಂತಿದ್ದೆ.

ಎಲ್ಲ ಬಿಡಿಸಿ ಹೇಳಿದೆ. ಈ ನೀರು ಎದೆಗೆ ಇಳಿಯಬಹುದು, ಉಸಿರು ಕಟ್ಟಬಹುದು, ಬೇಡ ಅಂದ್ರೆ ಬೇಡ ಅಂತ. ಬಾಯಿ ತೆರೆದಳು. ಇನ್ನೂ ಮುಚ್ಚಿಲ್ಲ.

ಸಹಿ ಹಾಕಿದೆ. ಬಿಳಿ ಮುಚ್ಚಳ ಮೂರು ಸಲ ನೋಡಿದೆ. ಬಿಳಿಯೇ. ನರ್ಸಮ್ಮ ಬರುವವರೆಗೆ ಕಾಯಬೇಕು, ಐದು ನಿಮಿಷ ಅಂದಿದ್ದಾರೆ. ಅವಳ ಕಣ್ಣು ಲೋಟದ ಮೇಲೆ. ನನ್ನ ಕಣ್ಣು ನನ್ನ ಕೈ ಮೇಲೆ. ಹುಟ್ಟಿದಾಗಿನಿಂದ ಎಲ್ಲಕ್ಕೂ ನಡುಗುವ ಕೈ ಇವತ್ತು ನಡುಗುತ್ತಿಲ್ಲ. ಅದೇ ಭಯ ನನಗೆ.

ದೇವರೇ, ಇದು ಯಾವ ಕೈ? ಅವಳಿಗೆ ನೀರು ಕೊಡುವುದು ನೀನಾ, ಅಥವಾ ಆ ಕೋಣೆಯ ಹುಡುಗಿಯಾ... ಆ ಹುಡುಗಿಯಾದರೂ ಸರಿ, ಬಾಯಾರಿಕೆ ಏನೂಂತ ಬಲ್ಲವಳು ಅವಳೇ. ಅವಳನ್ನೂ ಈಚೆಗೆ ಕರೆದು

ನರ್ಸಮ್ಮ ಬಂದರು. ಚಮಚ ತೊಳೆದು ಕೊಟ್ಟರು. ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದಿದ್ದಾಳೆ, ಸೀಳು ಉಗುರು ಚುಚ್ಚುತ್ತಿದೆ. ಪೆನ್ನು ಕೆಳಗಿಡುತ್ತೇನೆ.