ಕೀ ತೆಗೆದ ಮೇಲೂ ತಿರುಗುವ ಫ್ಯಾನ್

ಜುಲೈ 7, ಭಾನುವಾರ. ಸಂಜೆ.

ನಮ್ಮ ಲಾಂಡ್ರಿಗೆ ರಜೆ. ಬೆಳಗಿನಿಂದ ನನ್ನ ಹಳೆಯ ಬ್ಲೂಬರ್ಡ್ ಕಾರಿನ ಮುಂದೆಯೇ ಕುಕ್ಕರುಗಾಲಲ್ಲಿ ಕೂತಿದ್ದೆ. ಎಂಜಿನ್ ತಣಿಸುವ ಫ್ಯಾನ್ ಇವತ್ತೂ ತನಗೆ ಇಷ್ಟ ಬಂದಾಗ ತಿರುಗಿತು. ನಿನ್ನೆ ಎಂಬತ್ತು ಡಿಗ್ರಿಗೇ ಶುರು, ಇವತ್ತು ನೂರಕ್ಕೂ ಮೌನ. ಕಾವು ಅಳೆಯಲು ರೇಡಿಯೇಟರ್ ಎಲೆಗಳ ನಡುವೆ ಸಿಕ್ಕಿಸುವ ಕಡ್ಡಿ, ಅದಕ್ಕೊಂದು ತಿರುಗಿಸುವ ಗುಂಡಿ — ಅಗ್ಗಕ್ಕೆ ಸಿಕ್ಕಿತೆಂದು ಹಾಕಿದ್ದು. ಕಿತ್ತು ಬಿಸಾಡಿದೆ. ಆಮೇಲೆ ಹೋಗಿ ಎತ್ತಿಟ್ಟುಕೊಂಡೆ.

ಕಾರು 1971ರದು. ಒಳಗಿರುವುದು ಅದಕ್ಕಿಂತ ಇಪ್ಪತ್ತು ವರ್ಷ ಚಿಕ್ಕ ಎಂಜಿನ್, ಗುಜರಿಗೆ ಹೋದ ಸಿಲ್ವಿಯಾ ಕಾರಿನಿಂದ ತಂದದ್ದು. ಅದನ್ನು ಕೂರಿಸಿದ ಮೇಲೆ ಎಂಜಿನ್ನೇ ತಿರುಗಿಸುವ ಬೆಲ್ಟ್ ಫ್ಯಾನಿಗೆ ಜಾಗವೇ ಉಳಿಯಲಿಲ್ಲ. ಕರೆಂಟ್ ಫ್ಯಾನೇ ಗತಿ. ಅದಕ್ಕೆ ತಿರುಗು, ನಿಲ್ಲು ಎಂದು ಹೇಳುವವರು ಯಾರು? ಈ ಬೇಸಿಗೆಯಲ್ಲಿ ನನಗಿರುವುದು ಇದೊಂದೇ ಚಿಂತೆ. ಬೇರೆ ಚಿಂತೆ ಇಲ್ಲದಿರುವುದೂ ಒಂದು ಸುಖ.

ಹೆಂಡತಿ ಹಿಸಾನೊ ಬಾರ್ಲಿ ಟೀ ತಂದಿಟ್ಟಳು.

"ಬೊನ್ ಹಬ್ಬಕ್ಕೆ ನಮ್ಮಮ್ಮನ ಮನೆಗೆ ಇದ್ರಲ್ಲೇ ಹೋಗೋದು ಅಂತೀರಾ?"

"ಹೂಂ."

"ಹೋದ ವರ್ಷ ತವರುಮನೆ ಬಾಗಿಲಿಗೆ ಕೆಟ್ಟ ಕಾರು ಹೊರೋ ಟೋ ಲಾರೀಲಿ ಹೋಗಿ ಇಳ್ದೆ. ಬೀದಿ ಜನವೆಲ್ಲ ನೋಡಿದ್ರು. ಈ ಸಲಾನೂ ಹೊಗೆ ಎದ್ರೆ ಮಾರ್ಬಿಡಬೇಕು. ನಾನೇನು ಹಟ ಮಾಡ್ತಿಲ್ಲಪ್ಪ."

ಹಟ ಮಾಡಿಯೇ ಹೇಳಿದಳು. ಆಗಲಿ ಎಂದೆ. ಎನ್ನದೆ ಇನ್ನೇನು ಮಾಡಲಿ, ಅವಳ ಮಾತು ನ್ಯಾಯವಾದದ್ದೇ.

ಜುಲೈ 9, ಮಂಗಳವಾರ.

ಊಟದ ಹೊತ್ತಲ್ಲಿ ಕುರಿಮೊತೊನ ಗ್ಯಾರೇಜಿಗೆ. ಎಂಜಿನ್ ಕೂರಿಸಿಕೊಟ್ಟವನು ಅವನೇ. ವೈರಿಂಗ್ ಮಾತ್ರ ನಾನೇ ಮಾಡುತ್ತೇನೆಂದು ಹಿಡಿದುಕೊಂಡದ್ದು ನನ್ನ ಚಪಲ. ತಣ್ಣನೆಯ ಸೊಬಾ ನೂಡಲ್ಸ್ ಎಳೆಗಳನ್ನು ಸುರ್ರೆಂದು ಎಳೆಯುತ್ತಲೇ ಪಾಠ ಹೇಳಿದ.

"ಡ್ಯಾಶಲ್ಲೊಂದು ಸ್ವಿಚ್ ಇಟ್ಕೊಂಡು ಕೈಯಲ್ಲೇ ಹಾಕ್ಕೊಳ್ತೀಯಾ? ನೀನು ಮರೀತೀಯ. ಪರದೆ ಇರೋ ಡಿಜಿಟಲ್ ಡಬ್ಬಿ? ಚೆನ್ನಾಗಿರತ್ತೆ, ಕೆಟ್ರೆ ದಾರೀಲಿ ರಿಪೇರಿ ಮಾಡೋರಿಲ್ಲ. ರೇಡಿಯೇಟರಿಗೆ ತಿರುಪು ಹಾಕಿ ಬಿಗಿಯೋ ಸ್ವಿಚ್ ಇದೆ ನೋಡು, ನೀರೇ ಮುಟ್ಟತ್ತೆ ಅದನ್ನ. ತೊಂಬತ್ತೆರಡಕ್ಕೆ ಆನ್, ಎಂಬತ್ತೇಳಕ್ಕೆ ಆಫ್. ಒಂದು ರಿಲೇ, ಒಂದು ಫ್ಯೂಸ್, ದಪ್ಪ ವೈರು. ಬುದ್ಧಿವಂತ ಫ್ಯಾನ್ ಯಾಕಯ್ಯಾ? ನಂಬಿಕಸ್ಥ ಫ್ಯಾನ್ ಸಾಕು."

ಅದೇ ಸರಿ ಎಂದುಕೊಂಡು ಬಂದೆ.

ಜುಲೈ 14, ಭಾನುವಾರ.

ಹಾಕಿದೆ. ತಿರುಪಿನ ಸ್ವಿಚ್‌ಗೆ ಕರೆಂಟನ್ನು ಕೀ ಮೂಲಕವೇ ತಂದೆ. ಕೀ ತೆಗೆದರೆ ಫ್ಯಾನೂ ಬಂದ್. ಹಾಗೆ ಮಾಡದಿದ್ದರೆ ನಾವು ಇಳಿದು ಒಳಗೆ ಹೋದ ಮೇಲೂ ಅದು ಪಕ್ಕದ ಮನೆಯ ಉಬುಕಾತಾ-ಸಾನ್ ಕಿಟಕಿಯ ಕೆಳಗೆ ಗೊರ್ ಎನ್ನುತ್ತಿರುತ್ತದೆ. ಹೋದ ತಿಂಗಳು ವೈರನ್ನು ನೇರ ಬ್ಯಾಟರಿಗೆ ಕೊಟ್ಟು ನೋಡಿದಾಗ ಒಂದು ರಾತ್ರಿ ಹಾಗೇ ಆಯಿತು. ಅವರು ಏನೂ ಅನ್ನಲಿಲ್ಲ. ಏನೂ ಅನ್ನಲಿಲ್ಲವಲ್ಲ ಎಂಬುದೇ ಹೆದರಿಕೆ.

ಅಂಗಳದಲ್ಲಿ ಅರ್ಧ ಗಂಟೆ ಎಂಜಿನ್ ಓಡಿಸಿಟ್ಟೆ. ತೊಂಬತ್ತೆರಡು — ಫ್ಯಾನ್ ಬಂತು. ಎಂಬತ್ತೇಳು — ನಿಂತಿತು. ಮತ್ತೆ ಬಂತು. ಕಣ್ಣಿಗೆ ಹಬ್ಬ. ಹಿಸಾನೊಳನ್ನು ಕರೆದು ತೋರಿಸಿದೆ. "ಫ್ಯಾನ್ ಅಂದ್ಮೇಲೆ ತಿರುಗಲ್ವಾ" ಎಂದು ಒಳಗೆ ಹೋದಳು.

ಜುಲೈ 16.

ಹೋಟೆಲಿನ ಒಗೆದ ಬಟ್ಟೆ ಮುಟ್ಟಿಸಲು ಬ್ಲೂಬರ್ಡಿನಲ್ಲೇ ಹೋದೆ. ರೈಲ್ವೆ ಗೇಟ್ ಹತ್ತಿರ ಕುದಿಯಿತು. ಮೂವತ್ತೆಂಟು ಡಿಗ್ರಿ ಬಿಸಿಲು. ಬರೆಯಲು ಮನಸ್ಸಿಲ್ಲ.

ಜುಲೈ 21, ಭಾನುವಾರ.

ಡಿಜಿಟಲ್ ಡಬ್ಬಿ ತಂದು ಹಾಕಿದೆ. ಕುರಿಮೊತೊಗೆ ಹೇಳಿಲ್ಲ. ಅಂಗಳದಲ್ಲಿ ಅಚ್ಚುಕಟ್ಟು. ಪೇಟೆಯ ಸಿಗ್ನಲ್‌ಗಳಲ್ಲಿ ನೂರಾಹನ್ನೆರಡು. ಅಳಿಯ ಅಲ್ಲ, ಮಗಳ ಗಂಡ... ಯಾವುದನ್ನು ಹಾಕಿದರೂ ಮನೆಯಲ್ಲಿ ಸಾಧು, ಬೀದಿಯಲ್ಲಿ ಕೆಂಡ. ಕಾರು ಮಾರಿದರೆ ಆ ಜಾಗದಲ್ಲಿ ಏನಿಡುವುದು ಎಂದು ಒಮ್ಮೆ ಯೋಚಿಸಿದೆ. ಏನೂ ಹೊಳೆಯಲಿಲ್ಲ. 

ಆಗಸ್ಟ್ 4, ಭಾನುವಾರ.

ಹಿಸಾನೊ ತಾನೇ ಬಂದು ಪಕ್ಕದಲ್ಲಿ ಕೂತಳು. "ಎಲ್ಲಿ ಕುದಿಯತ್ತೆ, ತೋರ್ಸಿ." ಪೇಟೆಗೆ ಹೋದೆವು. ಕೆಂಪು ದೀಪ. ನಿಂತೆ. ಅವಳು ಕೇಳಿದಳು:

"ಈಗೇನ್ ಮಾಡಿದ್ರಿ?"

"ಏನ್ ಮಾಡ್ದೆ?"

"ಕೀ ತಿರುಗಿಸಿದ್ರಲ್ಲ."

"ಎಂಜಿನ್ ಆಫ್ ಮಾಡ್ದೆ. ದೊಡ್ಡ ಸಿಗ್ನಲ್ ಅಲ್ವಾ. ಸುಮ್ನೆ ಹೊಗೆ ಬಿಟ್ಕೊಂಡು ನಿಂತ್ರೆ ಹಿಂದಿನೋರಿಗೆ ತೊಂದ್ರೆ."

"ಫ್ಯಾನು?"

ಕಾವು ತೋರಿಸುವ ಮುಳ್ಳು ನೋಡಿದೆ. ನಿಂತ ಎಂಜಿನ್ನಿನ ಕಾವೆಲ್ಲ ಮೇಲೇರುತ್ತಿತ್ತು. ಕೀಗೆ ಕಟ್ಟಿದ ಫ್ಯಾನ್ ತೆಪ್ಪಗಿತ್ತು. ಪ್ರತಿ ಸಿಗ್ನಲ್‌ನಲ್ಲೂ, ಪ್ರತಿ ಗೇಟಿನಲ್ಲೂ, ಹೋದ ವರ್ಷ ಸುರಂಗದ ಮುಂದಿನ ಜಾಮ್‌ನಲ್ಲೂ ನಾನು ಮಾಡಿದ್ದು ಇದನ್ನೇ. ಕೈಗೆ ಎಷ್ಟು ರೂಢಿಯೆಂದರೆ ಮಾಡಿದ್ದೇ ಗೊತ್ತಿಲ್ಲ.

"ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದಳು. ಆಮೇಲೆ ನಗಲು ಶುರುಮಾಡಿದವಳು ಹಸಿರು ದೀಪ ಬಂದರೂ ನಿಲ್ಲಿಸಲಿಲ್ಲ. ನನಗೂ ನಗು ತಡೆಯಲಿಲ್ಲ. ಹಿಂದಿನವನು ಹಾರ್ನ್ ಮಾಡದೆ ಕಾದ. ಅವನೂ ಎಂಜಿನ್ ಆರಿಸಿಕೊಂಡಿದ್ದನೋ ಏನೋ.

ಆಗಸ್ಟ್ 5, ಸೋಮವಾರ.

ಕುರಿಮೊತೊಗೆ ಎಲ್ಲ ಹೇಳಿದೆ, ಡಬ್ಬಿಯ ಕಥೆಯನ್ನೂ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದ್ದೆಯಲ್ಲಯ್ಯಾ. ನಂಬಿಕಸ್ಥ ಫ್ಯಾನ್ ಹುಡುಕಿಕೊಟ್ಟೆ, ನಂಬಿಕಸ್ಥ ಡ್ರೈವರನ್ನ ಎಲ್ಲಿಂದ ತರ್ಲಿ?" ಮತ್ತೆ ಅದೇ ತಿರುಪಿನ ಸ್ವಿಚ್. ವೈರು ಈಗ ಕೀ ಬಿಟ್ಟು, ಫ್ಯೂಸ್ ಮೂಲಕ ನೇರ ಬ್ಯಾಟರಿಗೆ. ಕೀ ತೆಗೆದರೂ ನೀರು ತಣ್ಣಗಾಗುವವರೆಗೆ ಫ್ಯಾನ್ ತಿರುಗುತ್ತದೆ. ಜಾಮ್‌ನಲ್ಲಿ ಎಂಜಿನ್ ಆರಿಸುವಂತಿಲ್ಲ — ಇದು ಹಿಸಾನೊಳ ಕಾನೂನು.

ಸಂಜೆ ಸಿಹಿಯ ಪೆಟ್ಟಿಗೆ ಹಿಡಿದು ಉಬುಕಾತಾ-ಸಾನ್ ಬಾಗಿಲಿಗೆ ಹೋದೆ. ಬಗ್ಗಿ ಹೇಳಿದೆ, ಇನ್ನು ಮೇಲೆ ಕಾರು ನಿಲ್ಲಿಸಿದ ಮೇಲೂ ಸ್ವಲ್ಪ ಶಬ್ದ ಇರುತ್ತದೆ, ದಯವಿಟ್ಟು ಕ್ಷಮಿಸಬೇಕು ಎಂದು.

"ಓ, ಅದು ನಿಮ್ಮ ಕಾರಾ?" ಎಂದರು. "ಅವತ್ತು ರಾತ್ರಿ ನನ್ನ ಏಸಿ ಕೆಟ್ಟು ಕೂಗ್ತಿದೆ ಅನ್ಕೊಂಡೆ. ಮಾರನೇ ದಿನ ರಿಪೇರಿಯವನ್ನ ಕರೆಸ್ದೆ. ಅವನು ಬಿಚ್ಚಿ ನೋಡಿ ಏನೂ ಆಗಿಲ್ಲ ಅಂದ. ಅವತ್ತಿಂದ ಏಸಿ ಹಾಕೋಕೇ ಹೆದ್ರಿಕೆ ನಂಗೆ. ಸದ್ಯ, ಇವತ್ತು ಹಾಕ್ಕೊಂಡು ಮಲಗ್ತೀನಿ."

ಒಂದು ಚೀಲ ಸೌತೆಕಾಯಿ ಕೊಟ್ಟು ಕಳಿಸಿದರು.

ಆಗಸ್ಟ್ 12, ಸೋಮವಾರ. ನಗಾಓಕಾ, ಅತ್ತೆ ಮನೆ.

ನಸುಕಿಗೇ ಹೊರಟೆವು. ಬೊನ್ ಹಬ್ಬಕ್ಕೆ ಹಿರಿಯರ ಸಮಾಧಿ ನೋಡಲು ಜಪಾನೆಲ್ಲ ನಸುಕಿಗೇ ಹೊರಟಿತ್ತು. ಸುರಂಗಕ್ಕೆ ಬಹಳ ಮುಂಚೆಯೇ ಜಾಮ್. ಏಸಿ ಇಲ್ಲ, ಕಿಟಕಿ ಇಳಿಸಿ ಅನ್ನದುಂಡೆ ತಿಂದೆವು. ತೊಂಬತ್ತೆರಡಕ್ಕೆ ಫ್ಯಾನ್ ಬಂತು. ನನ್ನ ಕೈ ತಾನಾಗಿಯೇ ಕೀ ಕಡೆಗೆ ಹೋಯಿತು. ಹಿಸಾನೊ ಪಟ್ಟೆಂದು ಹೊಡೆದಳು. ಸ್ವಲ್ಪ ಹೊತ್ತಿಗೆ ಮತ್ತೆ ಹೋಯಿತು, ಮತ್ತೆ ಹೊಡೆದಳು. ಆಮೇಲೆ ಹೊಡೆಯುವ ಗೋಜೇ ಬೇಡವೆಂದು ನನ್ನ ಕೈಯನ್ನು ತನ್ನ ಮಡಿಲಿಗೆಳೆದು ಹಿಡಿದುಕೊಂಡಳು. ಗೇರ್ ಹಾಕುವಾಗ ಬಿಡುವಳು, ನಿಂತಾಗ ಹಿಡಿಯುವಳು. ಸುರಂಗ ಮುಗಿಯುವವರೆಗೂ ಹೀಗೆ. ಜಾಮ್ ಇನ್ನಷ್ಟು ಉದ್ದವಿದ್ದರೂ ನನ್ನ ತಕರಾರಿರಲಿಲ್ಲ.

ಮುಳ್ಳು ತೊಂಬತ್ತೈದು ದಾಟಲಿಲ್ಲ. ಅಂಗಳದಲ್ಲಿ ಇಳಿದು ಕೀ ಜೇಬಿಗಿಟ್ಟೆ, ಫ್ಯಾನ್ ತಿರುಗುತ್ತಲೇ ಇತ್ತು. ಅತ್ತೆ ಬಾಗಿಲಿಗೆ ಬಂದು ರಸ್ತೆಯ ಆ ಕಡೆ ಈ ಕಡೆ ನೋಡಿದರು.

"ಈ ಸಲ ಲಾರಿ ಎಲ್ಲಿ, ಅಳಿಯಂದ್ರೇ?"

ಆಗಸ್ಟ್ 13. ಬೆಳಿಗ್ಗೆ.

ಹಿಸಾನೊ ಎದ್ದವಳೇ ಕೈ ಚಾಚಿದಳು. "ಕೀ ಕೊಡಿ. ಅಮ್ಮನ್ನ ಅಪ್ಪನ ಸಮಾಧಿಗೆ ಕರ್ಕೊಂಡು ಹೋಗ್ಬರ್ತೀನಿ."

ಆ ಸ್ಟೀರಿಂಗನ್ನು ಅವಳು ಇದುವರೆಗೆ ಮುಟ್ಟಿದವಳಲ್ಲ. "ಕ್ಲಚ್ ಗಟ್ಟಿ ಇದೆ" ಎಂದೆ.

"ಅಪ್ಪನ ಅಕ್ಕಿ ಲಾರಿ ಓಡಿಸ್ದೋಳು ನಾನು."

"ಮಾರೋ ಮಾತು ಏನಾಯ್ತು?"

"ಯಾವ ಮಾತು?"

ಮುಂದಿನ ಸೀಟಿನಲ್ಲಿ ಅತ್ತೆ, ಮಡಿಲಲ್ಲಿ ಹೂವು. ಹಿಂದಿನ ಸೀಟು ಖಾಲಿ ಇತ್ತು. ಬನ್ನಿ ಎನ್ನಲಿಲ್ಲ. ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹೋಗಿ ಬಹಳ ಹೊತ್ತಾಯಿತು. ಸಮಾಧಿ ಅಷ್ಟು ದೂರವೇನಲ್ಲ...

ಹಾ, ಬಂದರು. ಶಬ್ದ ಗೊತ್ತಾಗುತ್ತದೆ. ಇಲ್ಲ — ಗೇಟು ದಾಟಿ ಮುಂದಕ್ಕೇ ಹೋಗುತ್ತಿದ್ದಾರೆ. ಬೀದಿಗೆ ಇನ್ನೊಂದು ಸುತ್ತು. ಅತ್ತೆ ಎದುರುಮನೆಯವರಿಗೆಲ್ಲ ಕೈ ಬೀಸುತ್ತಿದ್ದಾರೆ, ಇವಳಂತೂ ನನ್ನ ಕಡೆ ತಿರುಗಿಯೂ ನೋಡುತ್ತಿಲ್ಲ.